ಖಾತ್ರಿ ಮುಗಿದ ಗಾಡಿ

(ಜನವಾಡದಲ್ಲಿ ಶ್ರಾವಣ ಸೋಮವಾರದಂದು ದಯಪಾಲಿಸಿದ ಆಶೀರ್ವಚನ)



ಇಂದು ಬೆಳಿಗ್ಗೆ ನಾವು ಲಿಂಗಪೂಜೆ ಮುಗಿಸಿ ಹೊರಗೆ ಬಂದಾಗ ಅಂಗಳದ ಬೇವಿನ ಗಿಡದ ಕೆಳಗೆ ಹುಡುಗರ ಹಿಂಡು ನೆರೆದಿತ್ತು. ಏನೆಂದು ನೋಡಿದರೆ ಒಂದು ಸಣ್ಣ ಕೆಂಪು ಮೋಟಾರು. ಎರಡೇ ಬಾಗಿಲು, ಮೋಟು ಬೆನ್ನು. ಹೊಸ ಬಣ್ಣ ಬಳಿದುದರಿಂದ ನೋಡಿದವರ ಮುಖ ಅದರಲ್ಲಿ ಕಾಣುವಂತಿತ್ತು. ನೀವೂ ಒಳಗೆ ಬರುವಾಗ ಅದನ್ನು ನೋಡಿಯೇ ಬಂದಿದ್ದೀರಿ. ಇಂದು ನಾವು ಬೇರೆ ವಿಷಯ ಹೇಳಬೇಕೆಂದು ಸಂಕಲ್ಪಿಸಿದ್ದೆವು. ಆದರೆ ಆ ಗಾಡಿ ತಂದ ತರುಣನು ಒಂದು ಪ್ರಶ್ನೆ ಕೇಳಿದನು. ಅದನ್ನು ಬದಿಗಿಟ್ಟು ಮಾತನಾಡಲು ನಮಗೆ ಮನಸ್ಸಾಗಲಿಲ್ಲ.

ಅವನು ಲಿಂಬೆಹಣ್ಣು, ತೆಂಗಿನಕಾಯಿ, ಊದಿನಕಡ್ಡಿ ಎಲ್ಲ ತಂದಿದ್ದನು. "ಅಪ್ಪಾವರೆ, ಇದು ನಮ್ಮಪ್ಪನ ಗಾಡಿ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಕಂಪನಿಯವ್ರು ಇಂಥಾ ಗಾಡಿ ಮಾಡೋದು ಬಿಟ್ಟು ಎಷ್ಟೋ ವರ್ಷ ಆಗ್ಯಾವ. ಸಾಮಾನು ಸಿಗಲ್ಲ, ವಾರಂಟಿ ಅಂಬೋದು ಇಲ್ಲೇ ಇಲ್ಲ. ಕಾಕಾ ಗುಜರಿಗೆ ಹಾಕು ಅಂತಾರ, ನಂಗ ಮನಸ್ಸಿಲ್ಲ. ಇಟ್ಕೊಳ್ಳೋದು ಚಲೋನೋ, ಬಿಡೋದು ಚಲೋನೋ, ನೀವೇ ಹೇಳ್ರಿ" ಎಂದನು. ನೋಡಿದರೆ ಇದು ಒಂದು ಮನೆಯ ಚಿಕ್ಕ ಪ್ರಶ್ನೆ. ವಿಚಾರಿಸಿದರೆ ನಮ್ಮೆಲ್ಲರ ಪ್ರಶ್ನೆ.

ಮೊದಲು ಆ ಗಾಡಿಯ ಕುಲ-ಮೂಲ ಕೇಳಿರಿ. ಅದರ ಹೆಸರು ಡಾಲ್ಫಿನ್. ನಮ್ಮ ಕರ್ನಾಟಕದಲ್ಲಿಯೇ ಹುಟ್ಟಿದ್ದು. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಇದನ್ನು ಪೇಟೆಗೆ ತಂದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿ ಇದರ ಮಾದರಿ. 848 ಸಿ.ಸಿ.ಯ ಹಗುರವಾದ ಅಲ್ಯೂಮಿನಿಯಂ ಎಂಜಿನ್, ಮೈಯೆಲ್ಲ ಫೈಬರಿನದು. ಅಂಬಾಸಡರು, ಫಿಯೆಟ್ಟುಗಳೇ ರಸ್ತೆಯನ್ನು ಆಳುತ್ತಿದ್ದ ಕಾಲವದು. ಮೈ ಹಗುರಾಗಿದ್ದುದರಿಂದ ಈ ಪುಟ್ಟ ಗಾಡಿ ಓಟದಲ್ಲಿ ಚುರುಕಾಗಿತ್ತು. ಮದ್ರಾಸಿನ ಸಮೀಪದ ಶೋಳಾವರಂ ಪಂದ್ಯಗಳಲ್ಲಿ, ರ‍್ಯಾಲಿಗಳಲ್ಲಿ ತರುಣರು ಇದನ್ನು ಓಡಿಸಿ ಹೆಸರು ಮಾಡಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜನರ ಮನಸ್ಸು ಅತ್ತ ತಿರುಗಿತು. ಡಾಲ್ಫಿನ್ ಕಂಡವರೇ ಕಡಿಮೆಯಾದರು. ಈ ತರುಣನ ತಂದೆ ಮಾತ್ರ ಪ್ರಾಯದಲ್ಲಿ ಕೊಂಡ ಆ ಗಾಡಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಈಗ ವಾರಂಟಿ ಎಂಬ ಮಾತನ್ನು ವಿಚಾರಿಸೋಣ. ಹೊಸ ವಸ್ತು ಕೊಂಡಾಗ ಅಂಗಡಿಯವನು ಒಂದು ಕಾಗದ ಕೊಡುತ್ತಾನೆ. ಇಷ್ಟು ವರ್ಷ, ಇಷ್ಟು ಕಿಲೋಮೀಟರು, ಅಲ್ಲಿಯವರೆಗೆ ಏನಾದರೂ ಕೆಟ್ಟರೆ ಹೊಣೆ ನಮ್ಮದು ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಖಾತ್ರಿ ಎನ್ನುತ್ತಾರೆ. ಸಂಸ್ಕೃತದಲ್ಲಿ ಹೀಗೆ ಹೊಣೆ ನಿಲ್ಲುವವನಿಗೆ ಪ್ರತಿಭೂ ಎಂದು ಹೆಸರು. ಸ್ಮೃತಿಗಳ ಮಾತನ್ನೆಲ್ಲ ಶರಣರು ಒಪ್ಪಲಿಲ್ಲ; ಮನುಷ್ಯರಲ್ಲಿ ಮೇಲು-ಕೀಳು ಹೇಳಿದ ಮಾತನ್ನು ತಳ್ಳಿಯೇ ಬಿಟ್ಟರು. ಆದರೆ ವ್ಯವಹಾರದ ವಿಷಯದಲ್ಲಿ ಯಾಜ್ಞವಲ್ಕ್ಯ ಸ್ಮೃತಿಯ ಒಂದು ವಿಚಾರ ನೆನಪಿಡತಕ್ಕದ್ದು. ಅಲ್ಲಿ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ದರ್ಶನ, ಪ್ರತ್ಯಯ, ದಾನ. ಸಾಲಗಾರನನ್ನು ಕರೆದು ತಂದು ಎದುರಿಗೆ ತೋರಿಸುತ್ತೇನೆ ಎನ್ನುವುದು ದರ್ಶನದ ಹೊಣೆ. ಇವನು ನಂಬಿಕಸ್ಥ, ನನ್ನ ಮಾತಿನ ಮೇಲೆ ಕೊಡು ಎನ್ನುವುದು ಪ್ರತ್ಯಯದ ಹೊಣೆ. ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎನ್ನುವುದು ದಾನದ ಹೊಣೆ. ಹೊಸ ಗಾಡಿಗೆ ಈ ಮೂರೂ ವಿಧದಲ್ಲಿ ಕಂಪನಿ ಹೊಣೆ ನಿಲ್ಲುತ್ತದೆ.

ಕಾಗದದ ಅವಧಿ ಮುಗಿದ ದಿನ ಏನಾಗುತ್ತದೆ? "ಇನ್ನು ಇದಕ್ಕೆ ಯಾರೂ ಹೊಣೆಯಿಲ್ಲ" ಎಂದು ಜನ ತಿಳಿಯುತ್ತಾರೆ. ತಪ್ಪು ಇರುವುದು ಇಲ್ಲಿಯೇ. ಗಾಡಿ ರಸ್ತೆಯ ಮೇಲೆ ಓಡುತ್ತಿರುವವರೆಗೆ ಅದಕ್ಕೆ ಹೊಣೆ ಇಲ್ಲದೆ ಇರುವುದಿಲ್ಲ. ಕಂಪನಿ ಕೈಬಿಟ್ಟ ಹೊಣೆ ಇಳಿದು ಬಂದು ಒಡೆಯನ ಹೆಗಲ ಮೇಲೆ ಕೂತಿರುತ್ತದೆ. ಕೂತಿದೆ ಎಂದು ಅವನಿಗೆ ಗೊತ್ತಿರುವುದಿಲ್ಲ, ಅಷ್ಟೇ.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಇನ್ನೊಬ್ಬರಿಗೆ ಉಪದೇಶ ಹೇಳುವ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ಧರ್ಮ. ನಿಮ್ಮಲ್ಲಿ ಹಿರಿಯರಿಗೆ ಇದು ಗೊತ್ತುಂಟು, ಕಿರಿಯರು ಕೇಳಲಿ.

ಮಠದಲ್ಲಿ ಒಂದು ಹಳೆಯ ಅಂಬಾಸಡರು ಇತ್ತು. ಹನ್ನೆರಡು ವರ್ಷಗಳ ಹಿಂದಿನ ಮಾತು. ಗಾಡಿ ನಡೆಸುತ್ತಿದ್ದ ನಮ್ಮ ಹುಡುಗ ಮೂರು ಸಲ ಬಂದು, "ಅಪ್ಪಾವರೆ, ಬ್ರೇಕು ಕೆಳಗ ಹೋಗ್ತದ, ನೋಡಸ್ಬೇಕು" ಎಂದನು. ಮೂರು ಸಲವೂ ನಾವು, "ಜಾತ್ರೆ ಮುಗಿಯಲಿ ತಮ್ಮಾ" ಎಂದೆವು. ಹಣ ಇರಲಿಲ್ಲವೆಂದು ಹೇಳಲಾರೆವು. ಅದೇ ತಿಂಗಳಲ್ಲಿ ಗಾಡಿಗೆ ಹೊಸ ಗಾದಿ ಹಾಕಿಸಿದ್ದೆವು, ಕಿಟಕಿಗೆ ಪರದೆ ಹೊಲಿಸಿದ್ದೆವು. ಔರಾದ ಕಡೆಯ ಒಂದು ಹಳ್ಳಿಯಿಂದ ಸಂಜೆ ತಿರುಗಿ ಬರುವಾಗ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಮುಂದೆ ಮೇವಿನ ಹೊರೆ ಹೊತ್ತ ಒಬ್ಬ ಮುದುಕಿ ನಡೆದಿದ್ದಳು. ಹುಡುಗ ಗೇರು ಇಳಿಸಿ, ಗಾಡಿಯನ್ನು ಬದಿಯ ತೊಗರಿ ಹೊಲಕ್ಕೆ ತಿರುಗಿಸಿದನು. ಆ ತಾಯಿ ಹೆದರಿ ಹೊರೆಯ ಸಮೇತ ತಗ್ಗಿಗೆ ಬಿದ್ದಳು. ಪ್ರಾಣ ಉಳಿಯಿತು; ಬಲಗೈಯ ಮಣಿಕಟ್ಟು ಮುರಿಯಿತು. ಮುಂದೆ ಜೋಳದ ಸುಗ್ಗಿ. ದುಡಿದು ಉಣ್ಣುವ ಕೈ ಅದು.

ಊರವರು ಹುಡುಗನನ್ನು ಬೈದರು. "ಅಪ್ಪಾವರನ್ನ ಕೂಡ್ರಿಸ್ಕೊಂಡು ಹಿಂಗ ಹೊಡೀತಾರೇನೋ" ಎಂದರು. ನಾವು ಎರಡು ದಿನ ಸುಮ್ಮನಿದ್ದೆವು. ಬಂಧುಗಳೇ, ಕೈ ಮುರಿದದ್ದಕ್ಕಿಂತ ಆ ಎರಡು ದಿನಗಳ ಮೌನವೇ ದೊಡ್ಡ ಪಾಪವೆಂದು ಈಗಲೂ ನಮಗೆ ಅನಿಸುತ್ತದೆ. ಮೂರನೆಯ ದಿನ ಇದೇ ಅಂಗಳದಲ್ಲಿ ಎಲ್ಲರ ಎದುರಿಗೆ ತಪ್ಪು ನಮ್ಮದೆಂದು ಹೇಳಿ, ಆ ತಾಯಿಯ ಮನೆಗೆ ಹೋದೆವು. ಔಷಧದ ಖರ್ಚು, ಸುಗ್ಗಿಯ ಕೂಲಿ ಎಲ್ಲ ಕೊಟ್ಟೆವು. ಅವಳು ಸಿಟ್ಟು ಮಾಡಲಿಲ್ಲ. ಆದರೆ ಒಂದು ಮಾತು ಕೇಳಿದಳು: "ಅಪ್ಪಾವರೆ, ಗಾಡಿ ಕೆಟ್ಟದ ಅಂತ ನಿಮಗ ಗೊತ್ತಿತ್ತು. ದಾರ್ಯಾಗ ಹೋಗೋಳಿಗಿ ನಂಗ ಹ್ಯಾಂಗ ಗೊತ್ತಾಗಬೇಕು?"

ನಾವು ಕಾಶಿಯಲ್ಲಿ ವರ್ಷಗಟ್ಟಲೆ ತರ್ಕ ಓದಿದವರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಳೆಯ ಗಾಡಿಯ ಒಡೆಯ ತನಗೆ ಬರುವ ಅಪಾಯವನ್ನು ತಾನು ತಿಳಿದು ಒಪ್ಪಿಕೊಂಡಿರಬಹುದು. ಎದುರಿಗೆ ಬರುವವನು, ಬದಿಯಲ್ಲಿ ನಡೆಯುವವನು ಯಾವ ಕಾಗದಕ್ಕೂ ರುಜು ಹಾಕಿಲ್ಲ. ನಿಮ್ಮ ಗಾಡಿ ನಿಂತೀತೆಂಬ ನಂಬಿಕೆಯ ಮೇಲೆಯೇ ಅವನು ರಸ್ತೆ ದಾಟುತ್ತಾನೆ. ಆ ನಂಬಿಕೆಗೆ ಹೊಣೆ ನಿಂತವರು ನೀವು.

ಆದ್ದರಿಂದ ಆ ತರುಣನಿಗೆ ನಾವು ಇಟ್ಟುಕೋ ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಮೂರು ಹೊಣೆಗಳನ್ನು ಹೊರುವೆಯಾ ಎಂದು ಕೇಳಿದೆವು. ಅವನ್ನೇ ಈಗ ನಿಮಗೆ ಬಿಡಿಸಿ ಹೇಳುತ್ತೇವೆ.

ಮೊದಲನೆಯದು ದರ್ಶನ, ಎಂದರೆ ಕಣ್ಣಿಟ್ಟು ನೋಡುವುದು. ಇದ್ದದ್ದನ್ನು ಇದ್ದಂತೆ ನೋಡುವುದು. ಆ ಗಾಡಿಯ ಮೈ ಫೈಬರಿನದು, ಎಂದಿಗೂ ತುಕ್ಕು ಹಿಡಿಯದು. ಆದರೆ ಕೆಳಗಿನ ಚಾಸಿ ಉಕ್ಕಿನದು, ಅದಕ್ಕೆ ತುಕ್ಕು ತಪ್ಪದು. ಮೈ ಕೆಡದಿರುವುದರಿಂದಲೇ ಒಳಗೆ ಕೆಟ್ಟದ್ದು ಕಾಣದೆ ಹೋಗುತ್ತದೆ. ಹಣೆಯ ಮೇಲಿನ ವಿಭೂತಿ ಬೆಳ್ಳಗಿದ್ದು ಒಳಗೆ ಮತ್ಸರ ತಿನ್ನುತ್ತಿದ್ದರೆ ಹೇಗೋ ಹಾಗೆ. ಬಣ್ಣ ಬಳಿಯುವ ಮೊದಲು ಗಾಡಿಯ ಕೆಳಗೆ ಮಲಗಿ ನೋಡಬೇಕು.

ನಿಂತ ಗಾಡಿ ಸವೆಯುವುದಿಲ್ಲವೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಟಾಕಿಯೊಳಗಿನ ಪೆಟ್ರೋಲು ಹಳತಾಗಿ ಅಂಟಾಗುತ್ತದೆ. ಬ್ಯಾಟರಿ ಸಾಯುತ್ತದೆ. ರಬ್ಬರು ಒಣಗಿ ಸೀಳುತ್ತದೆ. ಇಲಿ ತಂತಿ ಕಡಿಯುತ್ತದೆ. ಬ್ರೇಕಿನ ಎಣ್ಣೆಗೆ ಗಾಳಿಯ ತೇವ ಹೀರುವ ಗುಣವುಂಟು. ತೇವ ಸೇರಿದ ಎಣ್ಣೆ ಬ್ರೇಕು ಕಾದಾಗ ಕುದಿದು ಆವಿಯಾಗುತ್ತದೆ, ಕಾಲಿಟ್ಟರೆ ಬ್ರೇಕು ಹಿಡಿಯುವುದಿಲ್ಲ. ಅದಕ್ಕೇ ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕೆನ್ನುತ್ತಾರೆ. ಟಾಯರಿನ ಬದಿಗೆ ನಾಲ್ಕು ಅಂಕಿ ಬರೆದಿರುತ್ತಾರೆ. 3518 ಎಂದಿದ್ದರೆ 2018ರ 35ನೆಯ ವಾರದಲ್ಲಿ ಹುಟ್ಟಿದ್ದು ಎಂದರ್ಥ. ಹಲ್ಲು ಸವೆದಿಲ್ಲವೆಂದು ಮುದಿ ಟಾಯರನ್ನು ನಂಬಬೇಡಿರಿ.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಜಾತ್ರೆಯ ತೇರಿಗೆ ಯಾವ ಕಂಪನಿ ಖಾತ್ರಿ ಕೊಟ್ಟಿದೆ? ನೂರಾರು ವರ್ಷದ ತೇರುಗಳು ಇಂದಿಗೂ ಉರುಳುತ್ತಿವೆ. ಕಳಸ ಏರಿಸುವ ಮೊದಲು ಬಡಿಗೇರರು ಬಂದು ಗಾಲಿ ಬಡಿದು ಸಪ್ಪಳ ಕೇಳುತ್ತಾರೆ, ಅಚ್ಚು ನೋಡುತ್ತಾರೆ, ಕಡಾಣಿ ನೋಡುತ್ತಾರೆ, ಕೀಲೆಣ್ಣೆ ಸವರುತ್ತಾರೆ. ಆಮೇಲೆ ಪೂಜೆ. ಗಾಲಿ ನೋಡುವುದೇ ಮೊದಲ ಪೂಜೆ. ಕಾಯಿ ಒಡೆಯುವುದು ಎರಡನೆಯದು. ಕಾಯಕವೆಂದರೆ ಇದಲ್ಲದೆ ಮತ್ತೇನು?

ನಮ್ಮ ತಲೆಯ ಮೇಲಿನ ಆಕಾಶವನ್ನೇ ನೋಡಿರಿ. 1996ರಲ್ಲಿ ಬೀದರಿನ ವಾಯುನೆಲೆಯಲ್ಲಿ ಸೂರ್ಯಕಿರಣ ತಂಡ ಹುಟ್ಟಿತು. ಬೆಂಗಳೂರಿನ ಎಚ್.ಎ.ಎಲ್. ಮಾಡಿದ ಕಿರಣ್ ವಿಮಾನಗಳು ಒಂಬತ್ತು ಒಂಬತ್ತಾಗಿ ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುತ್ತಿದ್ದುದನ್ನು ನೀವು ಹೊಲದಲ್ಲಿ ನಿಂತು ಕತ್ತೆತ್ತಿ ನೋಡಿದ್ದೀರಿ. ವಿಮಾನಕ್ಕೆ ಇಷ್ಟು ಗಂಟೆ ಹಾರಿದ ಮೇಲೆ ಇದನ್ನು ಬಿಚ್ಚಿ ನೋಡಬೇಕು, ಇಷ್ಟು ಗಂಟೆಗೆ ಇದನ್ನು ಬದಲಿಸಬೇಕು ಎಂಬ ಲೆಕ್ಕ ಬರೆದಿಡುತ್ತಾರೆ. "ನಿನ್ನೆ ಚಲೋ ಹಾರಿತ್ತು" ಎಂಬುದು ಅಲ್ಲಿ ನಡೆಯುವುದಿಲ್ಲ. 2011ರಲ್ಲಿ ಆ ಕಿರಣ್ ವಿಮಾನಗಳ ಪ್ರದರ್ಶನ ನಿಂತಿತು. ಮುಂದೆ ಹಾಕ್ ವಿಮಾನಗಳಲ್ಲಿ ತಂಡ ಮತ್ತೆ ಕೂಡಿತು. ಎಷ್ಟು ಪ್ರೀತಿಯಿದ್ದರೂ ಇಳಿಸುವ ಕಾಲಕ್ಕೆ ಇಳಿಸಬೇಕೆಂಬುದೂ ದರ್ಶನದಲ್ಲಿಯೇ ಸೇರಿದೆ.

ಎರಡನೆಯದು ಪ್ರತ್ಯಯ, ಎಂದರೆ ನಂಬಿಕೆ. ಕಂಪನಿ ಇಲ್ಲದ ಗಾಡಿಗೆ ಮನುಷ್ಯರೇ ಆಧಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ನೆನೆಯಿರಿ. 1961ರಿಂದ ಅಲ್ಲಿ ಜಾವಾ ಮೋಟಾರ್ ಸೈಕಲ್ಲುಗಳು ತಯಾರಾದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ನಮ್ಮ ಬೀದರ ಜಿಲ್ಲೆಯ ರಸ್ತೆಗಳಲ್ಲಿ ಅದರ ಜೋಡಿ ಕೊಳವೆಯ ಸಪ್ಪಳ ಕೇಳಿದವರು ಬಹಳ ಜನ ಇಲ್ಲಿದ್ದೀರಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಆ ಹೆಸರು ಹೊಸ ಗಾಡಿಗಳ ಮೇಲೆ ಮರಳಿ ಬಂತಾದರೂ ಹೊಸ ಎಂಜಿನ್ನಿನ ಸಾಮಾನು ಹಳೆಯದಕ್ಕೆ ಕೂಡುವುದಿಲ್ಲ. ಆದರೂ ಮೈಸೂರಿನ ಆ ಹಳೆಯ ಗಾಡಿಗಳು ಇಂದಿಗೂ ಓಡುತ್ತಿವೆ. ಹೇಗೆ? ಒಬ್ಬನಲ್ಲಿದ್ದ ಸಾಮಾನು ಇನ್ನೊಬ್ಬನಿಗೆ ಸಲ್ಲುತ್ತದೆ. ಲೇಥಿನವನು ಅಳತೆ ನೋಡಿ ಬುಷ್ ಕಡೆದು ಕೊಡುತ್ತಾನೆ. ಮುದಿ ಮಿಸ್ತ್ರಿ ತನ್ನ ವಿದ್ಯೆಯನ್ನು ಹುಡುಗನಿಗೆ ಕಲಿಸುತ್ತಾನೆ. ಇದೂ ಒಂದು ಬಗೆಯ ದಾಸೋಹವೇ. ತನ್ನಲ್ಲಿದ್ದುದನ್ನು ಬಚ್ಚಿಟ್ಟುಕೊಂಡರೆ ಎಲ್ಲರ ಗಾಡಿಯೂ ನಿಲ್ಲುತ್ತದೆ, ತನ್ನದೂ ನಿಲ್ಲುತ್ತದೆ.

ಮಿಸ್ತ್ರಿಯ ಸಂಗಡ ಚೌಕಾಸಿ ಮಾಡಿ ಅವನ ಹೊಟ್ಟೆಗೆ ಹೊಡೆಯಬೇಡಿರಿ. ಅವನು ಕೆಟ್ಟಿದೆ ಎಂದರೆ ಸಿಟ್ಟಾಗಬೇಡಿರಿ. ನಾವು ಮೂರು ಸಲ ಕೇಳದೆ ಹೋದವರು, ಅದಕ್ಕೇ ಹೇಳುತ್ತೇವೆ. ಇನ್ನು ಗಾಡಿ ಮಾರುವ ಸಮಯ ಬಂದರೆ, ಇದ್ದ ದೋಷವನ್ನೆಲ್ಲ ಕೊಳ್ಳುವವನ ಎದುರಿಗೆ ಹೇಳಿ ಮಾರಬೇಕು. ದನದ ಸಂತೆಯಲ್ಲಿ ಹಲ್ಲು ಹಿಡಿದು ತೋರಿಸಿ ಮಾರುವ ರೈತನಿಗಿರುವ ಮರ್ಯಾದೆ, ಬಣ್ಣ ಬಳಿದು ಮಾರುವವನಿಗೆ ಇಲ್ಲ. ಸೋರುವುದನ್ನು ಮುಚ್ಚಿ ಮಾರಿದ ಹಣ ಮನೆಯನ್ನು ಉದ್ಧಾರ ಮಾಡುವುದಿಲ್ಲ.

ಮೂರನೆಯದು ದಾನ. ಇಲ್ಲಿ ದಾನವೆಂದರೆ ಸಮಯಕ್ಕೆ ಹಣ ಕೊಡುವುದು. ಸಂಸ್ಕೃತದಲ್ಲಿ ಯೋಗಕ್ಷೇಮ ಎಂಬ ಮಾತಿದೆ. ಊಟ-ಉಪಚಾರ ವಿಚಾರಿಸುವಾಗ ನಾವೆಲ್ಲ ಅದನ್ನು ಬಳಸುತ್ತೇವೆ. ಅದರಲ್ಲಿ ಎರಡು ಪದಗಳಿವೆ. ಇಲ್ಲದ್ದನ್ನು ಪಡೆಯುವುದು ಯೋಗ; ಪಡೆದದ್ದನ್ನು ಕಾಪಾಡುವುದು ಕ್ಷೇಮ. ನಮ್ಮ ಜನ ಯೋಗದಲ್ಲಿ ಶೂರರು, ಕ್ಷೇಮದಲ್ಲಿ ಸೋಮಾರಿಗಳು. ಸಾಲ ಮಾಡಿ ಹಳೆಯ ವೇಗದ ಗಾಡಿ ಕೊಳ್ಳುವ ತರುಣರನ್ನು ನಾವು ಕಂಡಿದ್ದೇವೆ. ಕೊಂಡ ಬೆಲೆಯನ್ನು ಊರಿಗೆಲ್ಲ ಹೇಳುತ್ತಾರೆ. ಬ್ರೇಕಿಗೆ, ಟಾಯರಿಗೆ ಎಷ್ಟು ತೆಗೆದಿಟ್ಟಿರುವೆ ಎಂದು ಕೇಳಿದರೆ ನೆಲ ನೋಡುತ್ತಾರೆ. ನೌಬಾದಿನ ಸುರಂಗ ಬಾವಿಯನ್ನು ನೋಡಿದವರು ಇದ್ದೀರಿ. ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ ನೆಲದೊಳಗೆ ಕೊರೆದು ನೀರು ಹರಿಸಿದರು. ಅಂಥ ಮಹಾಕಾರ್ಯವೂ ಹೂಳು ತೆಗೆಯುವವರಿಲ್ಲದೆ ಮುಚ್ಚಿಹೋಗಿತ್ತು. ಇತ್ತೀಚೆಗೆ ಹೂಳು ತೆಗೆದ ಮೇಲೆಯೇ ಅದು ಮತ್ತೆ ಲೋಕಕ್ಕೆ ಕಂಡಿತು. ಕಟ್ಟಿದವರ ಹೆಸರು ಉಳಿಯಬೇಕಾದರೆ ಹೂಳು ತೆಗೆಯುವವರು ಬೇಕು.

ಆದ್ದರಿಂದ ಹಳೆಯ ಗಾಡಿ ಇಟ್ಟುಕೊಂಡವನು ತಿಂಗಳಿಗಿಷ್ಟು ಎಂದು ಒಂದು ಡಬ್ಬಿಯಲ್ಲಿ ಹಾಕುತ್ತ ಹೋಗಲಿ. ಖರ್ಚು ಬರದ ತಿಂಗಳಿನದೂ ಅದರಲ್ಲಿಯೇ ಇರಲಿ, ಬೇರೆಯದಕ್ಕೆ ಮುಟ್ಟದಿರಲಿ. ಮೊದಲ ಹಣ ಬ್ರೇಕಿಗೆ, ಸ್ಟಿಯರಿಂಗಿಗೆ, ಟಾಯರಿಗೆ, ಅದರ ನಂತರ ಎಂಜಿನ್ನಿಗೆ, ಬಣ್ಣ ಕೊನೆಗೆ. ಖಾಸಗಿ ಗಾಡಿಗೆ ಹದಿನೈದು ವರ್ಷವಾದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕೆಂದು ಕಾನೂನಿದೆ. ಅದನ್ನು ತಪ್ಪದೆ ಮಾಡಿಸಿರಿ. ಅನ್ಯರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆಯನ್ನು ಒಂದು ದಿನವೂ ತಪ್ಪಿಸಬೇಡಿರಿ. ಆದರೆ ಕಾಗದ ಐದು ವರ್ಷದ್ದೆಂದು ಬ್ರೇಕು ಐದು ವರ್ಷ ಕಾಯುವುದಿಲ್ಲ.

ಇಷ್ಟು ಹೇಳಿ ನಾವು ಆ ತರುಣನನ್ನು, "ನಿಮ್ಮ ತಂದೆ ಲೆಕ್ಕ ಬರೆದಿಡುತ್ತಿದ್ದರೇನು?" ಎಂದು ಕೇಳಿದೆವು. ಗಾಡಿಯ ಮುಂದಿನ ಪೆಟ್ಟಿಗೆಯಲ್ಲಿ ಒಂದು ನೋಟಬುಕ್ಕು ಇರಬೇಕು, ತಾನು ತೆರೆದು ನೋಡಿಲ್ಲ ಎಂದನು. ತರಿಸಿದೆವು. ಮೂವತ್ತು ವರ್ಷಗಳಿಗೆ ಮಿಕ್ಕಿದ ಲೆಕ್ಕ ಅದರಲ್ಲಿದೆ. ತಾರೀಖು, ಕಿಲೋಮೀಟರು, ಏನು ಬದಲಿಸಿದ್ದು, ಯಾವ ಮಿಸ್ತ್ರಿ, ಎಷ್ಟು ರೂಪಾಯಿ, ಎಲ್ಲವನ್ನೂ ಆ ಹಿರಿಯರು ಒಂದೇ ಅಕ್ಷರದಲ್ಲಿ ಬರೆದಿದ್ದಾರೆ. ಕೊನೆಯ ಪುಟದ ಕೊನೆಯ ಸಾಲು ಓದಿ ನಾವು ಆ ಪುಸ್ತಕವನ್ನು ಅವನ ಕೈಗೆ ಕೊಟ್ಟೆವು. ಹಿಂದಿನ ಎಡಗಾಲಿಯ ಬ್ರೇಕಿನ ಎಣ್ಣೆ ಜಿನುಗುತ್ತಿದೆ, ದುರಸ್ತಿ ಆಗುವವರೆಗೆ ಗಾಡಿ ಹೊರಗೆ ತೆಗೆಯಬಾರದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಸಾಲು ಬರೆದ ಮೇಲೆ ಅವರಿಗೆ ಸಮಯ ಸಿಗಲಿಲ್ಲ. ಎರಡು ವರ್ಷ ಅದನ್ನು ಓದುವವರಿರಲಿಲ್ಲ. ಇಂದು ಬೆಳಿಗ್ಗೆ ಶಾಲೆಯ ಮಕ್ಕಳು ರಸ್ತೆಯ ಮೇಲಿರುವ ಹೊತ್ತಿನಲ್ಲಿ ಆ ಗಾಡಿ ಬೀದರಿನಿಂದ ಇಲ್ಲಿಯವರೆಗೆ ಓಡಿ ಬಂದಿದೆ. ಪರಮಾತ್ಮ ಕಾಪಾಡಿದ ಎನ್ನಬಹುದು. ನಾಳೆಯೂ ಕಾಪಾಡಲಿ ಎಂದು ಅವನ ಮೇಲೆ ಭಾರ ಹಾಕುವುದು ಭಕ್ತಿಯಲ್ಲ.

ಆ ತರುಣ ಕಣ್ಣೀರು ತೆಗೆದನು. "ಅಪ್ಪನ ಮ್ಯಾಲಿನ ಪ್ರೀತಿಗೆ ಬಣ್ಣ ಹೊಡ್ಸಿದ್ದೆ ಅಪ್ಪಾವರೆ" ಎಂದನು. ಅವನ ಪ್ರೀತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ತಂದೆಯ ಪ್ರೀತಿ ಇದ್ದದ್ದು ಬಣ್ಣದಲ್ಲಲ್ಲ, ಆ ಪುಸ್ತಕದಲ್ಲಿ. ವಸ್ತುವನ್ನು ನೋಡಿ ಹಿಗ್ಗುವುದು ಮೋಹ. ಅದರ ಯೋಗ್ಯತೆ ಕಾಯ್ದು ನಡೆಸುವುದು ಕಾಯಕ. ಮೋಹ ಬಿಡಬೇಕೆಂದರೆ ವಸ್ತು ಬಿಸಾಡಬೇಕೆಂದಲ್ಲ.

ಇನ್ನೊಂದು ಗಾಡಿಯ ವಿಚಾರ ಹೇಳಿ ಮುಗಿಸುತ್ತೇವೆ. ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿದ್ದಾರೆ. ಶರೀರ ಎಂಬ ಪದಕ್ಕೇ ಸವೆದು ಹೋಗುವಂಥದು ಎಂದು ಅರ್ಥ ಹೇಳುತ್ತಾರೆ. ಈ ರಥಕ್ಕೆ ಮೊದಲ ದಿನದಿಂದಲೇ ಖಾತ್ರಿಯ ಕಾಗದವಿಲ್ಲ. ಬದಲಿ ಸಾಮಾನು ಸಿಗುವುದೂ ಅಷ್ಟಕ್ಕಷ್ಟೇ. ಐವತ್ತು ದಾಟಿದ ನಮ್ಮಂಥವರ ರಥ ಈಗಾಗಲೇ ಅಲ್ಲಲ್ಲಿ ಸಪ್ಪಳ ಮಾಡುತ್ತಿದೆ. ಅದಕ್ಕೇ ಶರಣರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟರು. ವರ್ಷಕ್ಕೊಮ್ಮೆ ದೂರದ ಗುಡಿಗೆ ಹೋಗಿ ಬಾ ಎನ್ನಲಿಲ್ಲ. ದಿನವೂ ಎದುರಿಗಿಟ್ಟುಕೊಂಡು ನಿನ್ನನ್ನು ನೀನು ನೋಡಿಕೋ ಎಂದರು. ನಿನ್ನೆ ಎಲ್ಲಿ ಜಿನುಗಿತು, ಯಾರಿಗೆ ನೋಯಿತು, ಯಾವ ಮಾತು ಹಿಡಿತ ತಪ್ಪಿತು ಎಂದು ದಿನವೂ ನೋಡಿಕೊಳ್ಳುವವನ ಪುಸ್ತಕದಲ್ಲಿ ಕೊನೆಯ ಸಾಲು ಓದದೆ ಉಳಿಯುವುದಿಲ್ಲ.

ಆ ಕೆಂಪು ಗಾಡಿ ಇನ್ನೂ ಬೇವಿನ ಕೆಳಗೆ ನಿಂತಿದೆ. ಅವನು ಬಸ್ಸಿನಲ್ಲಿ ಬೀದರಿಗೆ ಹೋಗಿದ್ದಾನೆ. ನಾಳೆ ಮಿಸ್ತ್ರಿಯನ್ನು ಕರೆದುಕೊಂಡು ಬರುತ್ತಾನೆ. ಅವನು ತಂದ ಲಿಂಬೆಹಣ್ಣು, ತೆಂಗಿನಕಾಯಿ ನಮ್ಮ ಬಳಿಯೇ ಇವೆ. ಬ್ರೇಕು ಸರಿಯಾದ ದಿನ, ಆ ನೋಟಬುಕ್ಕಿನ ಮುಂದಿನ ಪುಟದಲ್ಲಿ ಅವನು ತನ್ನ ಕೈಯಿಂದ ಮೊದಲ ಸಾಲು ಬರೆದ ಮೇಲೆ ಪೂಜೆ ಮಾಡುತ್ತೇವೆಂದು ಹೇಳಿದ್ದೇವೆ. ಹುಡುಗರೇ, ಅಲ್ಲಿಯವರೆಗೆ ನೋಡಿರಿ, ಒಳಗೆ ಕೂಡಬೇಡಿರಿ.

ನಿಮ್ಮ ಮನೆಯಲ್ಲಿರುವ ಗಾಡಿಗೆ, ಎತ್ತಿಗೆ, ಮನೆಗೆ, ಮುಪ್ಪಿನ ತಂದೆ-ತಾಯಿಗಳಿಗೆ ನೀವೇ ಖಾತ್ರಿಯಾಗಿ ನಿಲ್ಲುವ ಶಕ್ತಿಯನ್ನು ಗುರುಬಸವಣ್ಣನವರು ಕರುಣಿಸಲಿ. ದಾರಿಯಲ್ಲಿ ನಡೆಯುವವರೆಲ್ಲ ಸುಖವಾಗಿ ಮನೆ ಮುಟ್ಟಲಿ. ಎಲ್ಲರಿಗೂ ಶುಭವಾಗಲಿ ಎಂದು ಹಾರೈಸಿ ನಮ್ಮ ಮಾತಿಗೆ ವಿರಾಮ ಹೇಳುತ್ತೇವೆ.